ಮೂರು ಅಳತೆಯಲ್ಲೂ ಉಳಿದ ಗೆರೆ

ಬಾಯ್ಲರ್ ಕಾರ್ಖಾನೆಯ ತಪಾಸಣಾ ಕೋಣೆಯಲ್ಲಿ ಬೆಸುಗೆಗಳ ಎಕ್ಸ್‌ರೇ ಚಿತ್ರ ನೋಡುವುದು ಅವಳ ಕೆಲಸ. ಅವತ್ತು ಪರದೆಯ ಮೇಲೆ ಬಂದದ್ದು ಚಿಕ್ಕಪ್ಪನ ಬೆಸುಗೆ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿ ಓದಿಸಿದವನು ಅವನೇ. ಮೂವತ್ತು ವರ್ಷದಿಂದ ಅಲ್ಲೇ ವೆಲ್ಡರ್. ಅವನ ಕೆಲಸ ಒಂದು ಸಲವೂ ವಾಪಸು ಬಂದದ್ದಿಲ್ಲ.

ಕಂಪ್ಯೂಟರ್ ‘ಸರಿಯಿದೆ’ ಎಂದಿತು. ಅವಳಿಗೆ ಸಮಾಧಾನವಾಗಲಿಲ್ಲ. ಸಣ್ಣ ಚುಕ್ಕಿಗಳನ್ನೆಲ್ಲ ಧೂಳೆಂದು ಅಳಿಸಿಹಾಕುವುದು ಆ ಪ್ರೋಗ್ರಾಮಿನ ಚಾಳಿ. ಅಳಿಸುವ ಮೊದಲಿನ ಚಿತ್ರ ತೆರೆದಳು. ಅಂಚಿನ ಬಳಿ ಆರೇಳು ಚುಕ್ಕಿಗಳು, ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ.

ಪ್ರತಿ ಚುಕ್ಕಿಯನ್ನೂ ಸುತ್ತಲೂ ಕೊಂಚ ಹಿಗ್ಗಿಸಿದಳು, ಅಕ್ಕಪಕ್ಕದವು ಕೂಡಿಕೊಂಡವು. ಮತ್ತೆ ಅಷ್ಟೇ ಕುಗ್ಗಿಸಿದಳು. ಚೆದುರಿದ್ದ ಧೂಳು ಬಿಡಿಬಿಡಿಯಾಗೇ ಉಳಿಯಿತು, ಸಾಲಿನವು ಮಾತ್ರ ಬಿರುಕಿನಂಥ ಗೆರೆಯಾದವು. ಒಂದೇ ಅಳತೆಯಲ್ಲಿ ಕಂಡದ್ದನ್ನು ನಂಬಲು ಮನಸ್ಸಾಗದೆ ಚಿತ್ರವನ್ನು ಸ್ವಲ್ಪ ಮಸುಕು ಮಾಡಿ ನೋಡಿದಳು, ಆಮೇಲೆ ಇನ್ನಷ್ಟು. ಧೂಳೆಲ್ಲ ಕರಗಿಹೋಯಿತು. ಗೆರೆ ಮಾತ್ರ ಜಪ್ಪಯ್ಯ ಅಂದರೂ ಅಳಿಯಲಿಲ್ಲ.

“ಮಷೀನೇ ಪಾಸ್ ಮಾಡಿದೆಯಲ್ಲಮ್ಮ, ನಿಂದೇನು ತಕರಾರು?” ಎಂದ ಮ್ಯಾನೇಜರ್.

“ಆಸ್ಪತ್ರೆಗೆ ಹೋಗೋ ಬಾಯ್ಲರ್ ಸರ್. ಆ ಗೆರೆ ಇರೋ ಕಡೆ ಉಜ್ಜಿ ನೋಡೋವರೆಗೂ ನಾನು ಸಹಿ ಹಾಕಲ್ಲ.”

ಅವಳು ಬೆಸುಗೆಯ ಶೆಡ್ಡಿಗೆ ಇಳಿಯುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಚಿಕ್ಕಪ್ಪ ಎಲ್ಲರಿಗೂ ಕೇಳುವಂತೆ ಅಂದ: “ಕನ್ನಡಕ ತಲೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕೋಳು, ನನ್ನ ಬೆಸುಗೇಲಿ ಬಿರುಕು ಹುಡುಕಿದಾಳಂತೆ!”

ಶೆಡ್ಡೆಲ್ಲ ನಕ್ಕಿತು. ಅವಳ ಕಿವಿ ಬಿಸಿಯಾಯಿತು. “ಇವತ್ತು ಮೂಗಿನ ಮೇಲೇ ಇದೆ, ಚಿಕ್ಕಪ್ಪ,” ಎಂದು ಬಗ್ಗಿ ಬೆಸುಗೆಯ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದಳು.

ಒಬ್ಬ ಕೆಲಸಗಾರ ಗ್ರೈಂಡರ್‌ನಿಂದ ಎರಡು ಮಿಲಿಮೀಟರ್ ಉಜ್ಜಿದ. ಕೆಂಪು ಬಣ್ಣ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿದರು. ಬಿರುಕಿದ್ದರೆ ಅದರೊಳಗೆ ಇಳಿದ ಕೆಂಪು ಬಣ್ಣ ಬಿಳಿ ಪುಡಿಯ ಮೇಲೆ ಕಾಣಬೇಕು. ಏನೂ ಕಾಣಲಿಲ್ಲ.

“ಸಾಕಾ?” ಮ್ಯಾನೇಜರ್ ಗಡಿಯಾರ ನೋಡಿಕೊಂಡ.

ಅವಳು ಉಜ್ಜಿದ ಜಾಗ ಮುಟ್ಟಿ ನೋಡಿದಳು. “ಇನ್ನೆರಡು ಮಿಲಿಮೀಟರ್.”

“ಕೊಡೋ ಇಲ್ಲಿ,” ಎಂದು ಚಿಕ್ಕಪ್ಪ ಗ್ರೈಂಡರ್ ಕಿತ್ತುಕೊಂಡ. “ಇವಳ ಹಟ ನನಗೆ ಗೊತ್ತು.”

ಕಿಡಿಗಳು ಹಾರಿದವು. ಮತ್ತೆ ಬಣ್ಣ, ಮತ್ತೆ ಪುಡಿ. ಈ ಸಲ ಬಿಳಿಯ ಮೇಲೆ ನಿಧಾನಕ್ಕೆ ಒಂದು ಕೆಂಪು ಎಳೆ ಮೂಡಿತು. ಕೂದಲಷ್ಟು ತೆಳು, ಬೆರಳಷ್ಟು ಉದ್ದ.

ಚಿಕ್ಕಪ್ಪ ಅಲ್ಲೇ ಕುಕ್ಕರುಗಾಲಲ್ಲಿ ಕೂತ. “ಇದನ್ನ ಬೆಸೆದ ದಿನ ಈ ದಪ್ಪ ತಗಡು ತಣ್ಣಗೆ ಕೊರೀತಿತ್ತು. ಮೊದಲು ಕಾಯಿಸಬೇಕಿತ್ತು, ಇಲ್ಲಾಂದ್ರೆ ಬೆಸುಗೆ ಬಿರಿಯುತ್ತೆ. ತಡ ಆಗುತ್ತೆ ಅಂತ ಬಿಟ್ಟೆ ಪುಟ್ಟಿ.”

ಅವಳಿಗೆ ಅಳು ಬಂತು, ನುಂಗಿಕೊಂಡಳು. “ಅವತ್ತೇ ಹಾಕಿದ ಬೆಸುಗೆ ಇನ್ನೂ ಎಂಟಿವೆ. ಎಲ್ಲಾ ಮತ್ತೆ ನೋಡ್ತೀನಿ.”

“ನೋಡು. ಒಂದನ್ನೂ ಬಿಡಬೇಡ.”

ಎಂಟರಲ್ಲಿ ಮೂರಕ್ಕೆ ಗೆರೆಯಿತ್ತು. ಮೊದಲಿನದೂ ಸೇರಿ ನಾಲ್ಕನ್ನೂ ಚಿಕ್ಕಪ್ಪ ಪೂರ್ತಿ ಕೆತ್ತಿ ತೆಗೆದು, ತಗಡು ಕಾಯಿಸಿ, ಹೊಸದಾಗಿ ಬೆಸೆದ. ಶನಿವಾರ ಆ ಹೊಸ ಬೆಸುಗೆಗಳ ಚಿತ್ರ ಬಂದಾಗ ಮೊದಲ ಸಲ ಅವಳ ಕೋಣೆಗೆ ಬಂದು ಸ್ಟೂಲ್ ಎಳೆದುಕೊಂಡ.

“ಅದೇನೋ ಹಿಗ್ಗಿಸ್ತೀಯಂತೆ, ಕುಗ್ಗಿಸ್ತೀಯಂತೆ. ನಂಗೂ ತೋರಿಸು.”

ಅವಳು ಪರದೆಯನ್ನು ಅವನತ್ತ ತಿರುಗಿಸಿದಳು.