ಓಡುವ ಬಸ್ಸಿನಲ್ಲಿ ನಿಲ್ಲುವ ಪಾಠ

ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತವಳು ಕೊನೆಗೆ ಬಿದ್ದದ್ದು ಸ್ವಂತ ಅಡುಗೆಮನೆಯಲ್ಲಿ. ಹನಿ ನೀರಿಲ್ಲದ ಒಣ ನೆಲ. ಕಪಾಟಿನಿಂದ ಪಾತ್ರೆಯ ಮುಚ್ಚಳ ತೆಗೆದುಕೊಂಡು ಹಿಂದಕ್ಕೆ ತಿರುಗಿದಳು, ಅಷ್ಟೇ. ಎಡ ಮಣಿಕಟ್ಟು ಮುರಿಯಿತು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನಗೆ ಹಾಗನ್ನೋಕೂ ಬಾಯಿಲ್ಲ, ನೆಲ ನೆಟ್ಟಗೇ ಇದೆ," ಎಂದು ಆಸ್ಪತ್ರೆಯ ಮಂಚದ ಮೇಲೆ ಆಕೆಯೇ ನಕ್ಕಳು. ಪಕ್ಕದಲ್ಲಿ ಕೂತಿದ್ದ ಗಂಡನಿಗೆ ನಗು ಬರಲಿಲ್ಲ.

ಗಂಡ ದರ್ಜಿ. ಹೆಂಡತಿ ರಿಟೈರಾಗಿ ಹತ್ತು ವರ್ಷವಾದರೂ ಬೀದಿಗೆಲ್ಲ ಕಂಡಕ್ಟ್ರಮ್ಮ. ಆತ ಆಕೆಯನ್ನು ಮೊದಲು ಕಂಡದ್ದೇ ಬಸ್ಸಿನಲ್ಲಿ. ಆಗ ಆತ ಬಟ್ಟೆಗಂಟು ಹೊತ್ತ ನರಪೇತಲ ಹುಡುಗ. ಬ್ರೇಕು ಬಿದ್ದ ರಭಸಕ್ಕೆ ನೇರ ಡ್ರೈವರನ ಬೆನ್ನ ಮೇಲೆ ಹೋಗಿ ಬೀಳಬೇಕಾಗಿದ್ದವನನ್ನು ಹಿಂದಿನಿಂದ ಯಾರೋ ಕಾಲರ್ ಹಿಡಿದು ನಿಲ್ಲಿಸಿದರು. ತಿರುಗಿ ನೋಡಿದರೆ ಆಕೆ. ಒಂದು ಕೈಯಲ್ಲಿ ಇವನ ಕಾಲರ್, ಇನ್ನೊಂದು ಕೈಯಲ್ಲಿ ಬೇರೆ ಯಾರಿಗೋ ಟಿಕೆಟ್ಟು, ಕಣ್ಣು ಮುಂದಿನ ಸ್ಟಾಪಿನ ಮೇಲೆ. ದರ್ಜಿ ಅಲ್ಲೇ ಮನಸ್ಸು ಕೊಟ್ಟ. ಅಂದು ಹರಿದ ಆ ಕಾಲರನ್ನು ಊರವರ ಅಂಗಿಗಳನ್ನೆಲ್ಲ ಹೊಲಿದ ಮನುಷ್ಯ ಇಂದಿಗೂ ಹೊಲಿದಿಲ್ಲ. ಅಂಗಿ ಪೆಟ್ಟಿಗೆಯಲ್ಲಿದೆ.

ಮಣಿಕಟ್ಟು ಎರಡು ತಿಂಗಳಲ್ಲಿ ಕೂಡಿಕೊಂಡಿತು. ಧೈರ್ಯ ಕೂಡಿಕೊಳ್ಳಲಿಲ್ಲ. ಕಂಡಕ್ಟ್ರಮ್ಮ ಗೋಡೆ ಸವರಿಕೊಂಡು ನಡೆಯತೊಡಗಿದಳು. ಆಕೆಗಿಂತ ಹೆಚ್ಚು ಹೆದರಿದ್ದು ದರ್ಜಿಯೇ. ಗೇಟಿನವರೆಗೆ ಹೋದರೂ ಮೊಣಕೈ ಹಿಡಿದ. ಬಚ್ಚಲಿನ ಬಾಗಿಲವರೆಗೂ ಹಿಡಿದ. ಮನೆಯ ಕಾಲೊರಸುಗಳನ್ನೆಲ್ಲ ಅಟ್ಟಕ್ಕೆ ಎಸೆದ. ಅದೂ ಸಾಲದೆ, ನಾಲ್ಕು ಬೆರಳಗಲದ ದಪ್ಪ ಕ್ಯಾನ್ವಾಸಿನಲ್ಲಿ ಒಂದು ಸೊಂಟಪಟ್ಟಿ ಹೊಲಿದ. ಎರಡೆರಡು ಸಾಲು ಹೊಲಿಗೆ, ಹಿತ್ತಾಳೆಯ ಬಕಲ್ಲು, ಬೆನ್ನಿನ ಕಡೆ ಗಟ್ಟಿಯಾದ ಒಂದು ಹಿಡಿ.

"ನಾನೇನು ಸೂಟ್‌ಕೇಸಾ?" ಎಂದಳು ಕಂಡಕ್ಟ್ರಮ್ಮ. ಆದರೂ ಕಟ್ಟಿಕೊಂಡಳು. ಅಂಥ ಹೆಂಗಸು ಎದುರಾಡದೆ ಕಟ್ಟಿಕೊಂಡಳಲ್ಲ, ದರ್ಜಿ ಹೆದರಬೇಕಾಗಿದ್ದದ್ದು ಅದಕ್ಕೆ. ಆತನೋ, ಅಳತೆ ಸರಿಯಾಯಿತೆಂದು ಹಿಗ್ಗಿದ.

ಈಗ ದರ್ಜಿಯ ಕಳ್ಳತನವನ್ನೂ ಹೇಳಬೇಕು. ಡಿಪೋಗೆ ಪ್ರತಿ ವರ್ಷ ಹೊಸ ಕಂಡಕ್ಟರುಗಳು ಸೇರುತ್ತಾರೆ. ಟಿಕೆಟ್ಟು, ಲೆಕ್ಕ, ಕಾಯಿದೆಗಳನ್ನು ಯಾರು ಬೇಕಾದರೂ ಕಲಿಸಬಹುದು. ಓಡುವ ಬಸ್ಸಿನಲ್ಲಿ ಎರಡೂ ಕೈಗೆ ಕೆಲಸ ಕೊಟ್ಟು, ಕಾಲ ಮೇಲಷ್ಟೇ ನಿಲ್ಲುವುದನ್ನು ಕಲಿಸಲು ಮಾತ್ರ ಕಂಡಕ್ಟ್ರಮ್ಮನೇ ಬೇಕು. ರಿಟೈರಾದ ಮೇಲೂ ವರ್ಷಕ್ಕೊಂದು ದಿನ ಕರೆಸುತ್ತಿದ್ದರು. ಖಾಲಿ ಬಸ್ಸಿನಲ್ಲಿ ಡಿಪೋ ಅಂಗಳ ಸುತ್ತುತ್ತ ಆಕೆ ಪಾಠ ಮಾಡಿ ಬರುತ್ತಿದ್ದಳು. ಆ ದಿನಕ್ಕಾಗಿ ಆಕೆ ವರ್ಷವಿಡೀ ಕಾಯುವುದು ದರ್ಜಿಗೆ ಗೊತ್ತಿತ್ತು. ಕಳೆದ ವರ್ಷ ಆ ಕಾಗದ ಬಂದಾಗ ಆಕೆಯ ಕೈ ಪ್ಲಾಸ್ಟರಿನಲ್ಲಿತ್ತು. ದರ್ಜಿಯೇ ಒಡೆದು ಓದಿ, "ಆಕೆಗೆ ಇನ್ನು ಆಗುವುದಿಲ್ಲ" ಎಂದು ಬರೆದು ಹಾಕಿದ. ಹೆಂಡತಿಗೆ ಹೇಳಲಿಲ್ಲ. ಆಕೆ ಕಾದಳು, ಕಾದಳು. ಕೊನೆಗೊಂದು ದಿನ, "ಹಳೇ ಟಿಕೆಟ್ಟನ್ನ ಯಾರು ಜೋಪಾನ ಮಾಡ್ತಾರೆ ಬಿಡಿ," ಎಂದು ಸುಮ್ಮನಾದಳು. ದರ್ಜಿ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಖ ಮರೆಸಿಕೊಂಡ.

ಈ ವರ್ಷ ಕಾಗದ ಬರಲಿಲ್ಲ, ಫೋನು ಬಂತು. ಎತ್ತಿದ್ದು ಕಂಡಕ್ಟ್ರಮ್ಮ.

"ಹೌದಾ? ಆಗಲ್ಲ ಅಂತ ಕಾಗದ ಬಂದಿತ್ತಾ? ಯಾರು ಬರೆದಿದ್ದು?" ಎಂಬ ಮಾತು ಒಳಗಿನಿಂದ ಕೇಳಿತು. ದರ್ಜಿಯ ಹೊಲಿಗೆಯಂತ್ರದ ಚಕ್ರ ತಾನಾಗಿ ನಿಂತಿತು.

ಆಕೆ ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಊಟ ಬಡಿಸಿದಳು, ತಾನೂ ಉಂಡಳು, ಕೈತೊಳೆದ ಮೇಲೆ ಹೇಳಿದಳು: "ಇಲಾಖೆಯವರು ನನ್ನ ಒಂದು ಸಲ ರಿಟೈರ್ ಮಾಡಿದ್ರು, ನೀವು ಇನ್ನೊಂದು ಸಲ ಮಾಡಿದ್ರಿ. ಅವರಾದ್ರೂ ಮೊದಲೇ ಹೇಳಿದ್ರು."

"ನೀನು ಮತ್ತೆ ಬಿದ್ದರೆ..."

"ಬರ್ತೀನಿ ಅಂದಿದೀನಿ. ಇನ್ನೂ ಹದಿನಾಲ್ಕು ವಾರ ಇದೆ. ಅಷ್ಟರಲ್ಲಿ ಕೈಬಿಟ್ಟು ನಿಲ್ಲೋಕೆ ಆಗದಿದ್ರೆ, ಆಗಲ್ಲ ಅಂತ ನಾನೇ ಹೋಗಿ ಹೇಳಿ ಬರ್ತೀನಿ. ನನ್ನ ಬಾಯಿಂದ."

ಡಾಕ್ಟರು ಕಣ್ಣು ನೋಡಿದರು, ಕನ್ನಡಕ ಬದಲಾಯಿಸಿದರು, ತಲೆಸುತ್ತು ತರಿಸುತ್ತಿದ್ದ ಒಂದು ಮಾತ್ರೆ ಬಿಡಿಸಿದರು. ಆಮೇಲೆ, ಲೈಬ್ರರಿಯ ಕೆಳಗಿನ ಹಾಲಿನಲ್ಲಿ ವಾರಕ್ಕೆರಡು ದಿನ ವಯಸ್ಸಾದವರಿಗೆ ಬೀಳದಂತೆ ಕಸರತ್ತು ಹೇಳಿಕೊಡುತ್ತಾರೆ, ಅಲ್ಲಿಗೆ ಹೋಗಿ ಎಂದರು. ಮೊದಲ ದಿನ ದರ್ಜಿ ಹೆಂಡತಿಯ ಸೊಂಟದ ಹಿಡಿಯನ್ನು ಭದ್ರವಾಗಿ ಹಿಡಿದುಕೊಂಡೇ ಒಳಹೊಕ್ಕ. ಹನ್ನೊಂದು ಕುರ್ಚಿ, ಹನ್ನೊಂದು ಬಿಳಿತಲೆ. ಕಸರತ್ತಿನ ಮೇಡಂ ಗಿಡ್ಡ ಹೆಂಗಸು, ದನಿ ಮಾತ್ರ ಆಳೆತ್ತರ. ಆಕೆ ಪಟ್ಟಿಯನ್ನು ಮುಟ್ಟಿ ನೋಡಿದಳು.

"ಯಾರು ಹೊಲಿದಿದ್ದು?"

"ನಾನೇ," ಎಂದ ದರ್ಜಿ, ಎದೆ ಒಂದಿಂಚು ಹೆಚ್ಚಾಗಿ.

"ಹೊಲಿಗೆ ಬಹಳ ಚೆನ್ನಾಗಿದೆ. ಎಲ್ಲಿ, ನೀವು ಒಂಟಿ ಕಾಲಲ್ಲಿ ನಿಂತ್ಕೊಳ್ಳಿ ನೋಡೋಣ."

ದರ್ಜಿ ಕಾಲೆತ್ತಿದ. ಒಂದು, ಎರಡು. ಮೂರಕ್ಕೆ ಕುರ್ಚಿಯ ಮೇಲೆ ಬಿದ್ದುಕೊಂಡ. ನಲವತ್ತೈದು ವರ್ಷ ಕೂತೇ ದುಡಿದ ಕಾಲು, ಅದಕ್ಕೆ ಯಂತ್ರದ ಪೆಡಲು ತುಳಿಯುವುದು ಬಿಟ್ಟರೆ ಬೇರೆ ವಿದ್ಯೆ ಬರುತ್ತಿರಲಿಲ್ಲ. ಮೇಡಂ ಕಂಡಕ್ಟ್ರಮ್ಮನ ಸೊಂಟದಿಂದ ಪಟ್ಟಿ ಬಿಚ್ಚಿ ದರ್ಜಿಯ ಸೊಂಟಕ್ಕೆ ಕಟ್ಟಿದಳು. ಇಡೀ ಹಾಲು ನಕ್ಕಿತು. ಕಂಡಕ್ಟ್ರಮ್ಮನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಿದ್ದ ಮೇಲೆ ಆಕೆ ಹಾಗೆ ನಕ್ಕದ್ದು ಅದೇ ಮೊದಲು. ದರ್ಜಿಗೆ ಮಾನ ಹೋದದ್ದು ಗೊತ್ತೇ ಆಗಲಿಲ್ಲ.

"ಹಾಗಾದ್ರೆ ಇವಳು ಏನು ಹಿಡಿದು ನಿಲ್ಲೋದು?" ಎಂದು ಕೇಳಿದ.

"ಕುರ್ಚಿ ಹಿಡೀಲಿ."

"ನಾನು ಹಿಡಿದ್ರೆ ಆಗಲ್ವಾ?"

"ಆಗಲ್ಲ. ಕುರ್ಚಿನ ಇವರು ಹಿಡೀತಾರೆ, ಬೇಡ ಅನ್ನಿಸಿದಾಗ ಬಿಡ್ತಾರೆ. ನೀವಾದ್ರೆ ಇವರನ್ನ ಹಿಡ್ಕೋತೀರಿ. ಬಿಡೋದು ಇವರ ಕೈಲಿರಲ್ಲ. ನೀವು ಹಿಡಿದಷ್ಟು ದಿನ ಇವರ ಕಾಲಿಗೆ ರಜ."

ದರ್ಜಿಗೆ ಕೋಪ ಬಂತು. ಮನೆಗೆ ಹೋಗುವ ದಾರಿಯಲ್ಲಿ ಅರ್ಧ ಗಂಟೆ ಅದನ್ನೇ ಗೊಣಗಿದ. ಮನೆ ಸೇರುವಷ್ಟರಲ್ಲಿ ಕೋಪವೆಲ್ಲ ಇಳಿದು ಮಾತು ಮಾತ್ರ ಉಳಿದಿತ್ತು. ಒಂದು ವರ್ಷ ಪ್ರೀತಿಯಿಂದ ಮಾಡಿದ್ದೇ ಆಕೆಯ ಕಾಲನ್ನು ಸೋಲಿಸಿತೇ ಎಂದು ಆತನಿಗೆ ಅಳು ಬರುವಷ್ಟಾಯಿತು.

ಅಂದಿನಿಂದ ಆತ ಹಿಡಿಯುವುದು ಬಿಟ್ಟು ಅಳೆಯಲು ಕೂತ. ನಡುಮನೆಯ ನೆಲದ ಮೇಲೆ ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಿಂದ ಹನ್ನೆರಡು ಅಡಿಯ ನೇರ ಗೆರೆ ಎಳೆದ. ಕಂಡಕ್ಟ್ರಮ್ಮ ಅದರ ಮೇಲೆ ಹಿಮ್ಮಡಿಗೆ ತುದಿಬೆರಳು ತಾಗಿಸಿ ನಡೆದಳು. ಕುರ್ಚಿಯಿಂದ ಕೈ ಊರದೆ ಎದ್ದು ಕೂತು ಎದ್ದಳು, ದಿನಕ್ಕೆ ಐದರಿಂದ ಶುರುಮಾಡಿ ಇಪ್ಪತ್ತಕ್ಕೆ ಬಂದಳು. ಅಡುಗೆಕಟ್ಟೆ ಹಿಡಿದು ತುದಿಗಾಲ ಮೇಲೆ ಏರಿದಳು. ಮೊದಲು ಎರಡು ಕೈ, ಆಮೇಲೆ ಒಂದು ಕೈ, ಆಮೇಲೆ ಎರಡು ಬೆರಳು. ಹಲ್ಲುಜ್ಜುವಾಗ ಒಂಟಿ ಕಾಲು. ದರ್ಜಿಯೂ ಪಕ್ಕದಲ್ಲಿ ಒಂಟಿ ಕಾಲು. ನೋಡಿದವರು ಇಬ್ಬರಿಗೂ ಅರಳುಮರಳು ಎನ್ನುತ್ತಿದ್ದರು. ಎಪ್ಪತ್ತರ ವಯಸ್ಸಿನಲ್ಲಿ ಒಂದು ದಿನವೂ ತಪ್ಪಿಸದೆ, ಮಂಡಿ ನೋಯುತ್ತದೆಂದು ಒಮ್ಮೆಯೂ ಮುಖ ಸಿಂಡರಿಸದೆ ಮಾಡಿದಳು ಆ ಹೆಂಗಸು. ಇಪ್ಪತ್ತರ ಹುಡುಗರಿಂದ ಮಾಡಿಸಿ ನೋಡಿ, ತಿಳಿಯುತ್ತದೆ.

ಏಳನೇ ವಾರ ಬಂಡಿ ನಿಂತಿತು. ಎರಡು ಬೆರಳಿನಿಂದ ಶೂನ್ಯಕ್ಕೆ ಹೋಗಲು ಆಗಲೇ ಇಲ್ಲ. ಹಾಲಿನ ನಡುವೆ, ಹಿಡಿಯಲು ಏನೂ ಇಲ್ಲದ ಕಡೆ ನಿಲ್ಲಿಸಿದರೆ ಆಕೆ ಮರಗಟ್ಟಿ ನಿಂತುಬಿಡುತ್ತಿದ್ದಳು. ಅಂದು ಅಲ್ಲೇ ಕುರ್ಚಿಗೆ ಕುಸಿದು, "ನನ್ನ ಕಾಲು ನನ್ನ ಮಾತು ಕೇಳ್ತಿಲ್ಲ," ಎಂದು ಅತ್ತಳು. ನಲವತ್ತು ವರ್ಷದ ಸಂಸಾರದಲ್ಲಿ ದರ್ಜಿ ಆಕೆಯ ಅಳು ಕಂಡದ್ದು ಮೂರನೇ ಸಲ. ಕೈ ತಾನಾಗಿ ಆಕೆಯ ಮೊಣಕೈ ಕಡೆ ಹೋಯಿತು. ಆತ ಅದನ್ನು ಜೇಬಿಗೆ ಹಾಕಿಕೊಂಡ.

ಮೇಡಂ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. "ಹೊಸ ಕಂಡಕ್ಟರಿಗೆ ಮೊದಲ ಪಾಠ ಏನು ಹೇಳ್ತಿದ್ರಿ?"

ಕಂಡಕ್ಟ್ರಮ್ಮ ಮೂಗೊರಸಿಕೊಂಡಳು. "ಕಾಲು ಸ್ವಲ್ಪ ಅಗಲ ಇಡು. ಒಂದು ಮುಂದೆ, ಒಂದು ಹಿಂದೆ. ಮಂಡಿ ಸಡಿಲ ಬಿಡು. ಕಣ್ಣು ದೂರ ಇಡು, ಕಾಲು ನೋಡ್ಬೇಡ, ತಿರುವು ನೋಡು."

"ಈಗ ನೀವು ಹೇಗೆ ನಿಂತಿದ್ರಿ?"

ಕಂಡಕ್ಟ್ರಮ್ಮ ಯೋಚಿಸಿದಳು. "ಮಂಡಿ ಬಿಗಿ," ಎಂದಳು ನಿಧಾನವಾಗಿ. "ಕಣ್ಣು ನೆಲದ ಮೇಲೆ." ಆಮೇಲೆ ತನ್ನ ಮೇಲೆ ತನಗೇ ಸಿಟ್ಟು ಬಂದು, "ಇಂಥ ಕಂಡಕ್ಟರನ್ನ ನಾನಾಗಿದ್ರೆ ಮೊದಲ ಸ್ಟಾಪಲ್ಲೇ ಇಳಿಸಿರ್ತಿದ್ದೆ!" ಎಂದಳು.

ಎದ್ದು ನಿಂತಳು. ಕಾಲು ಅಗಲಿಸಿದಳು, ಮಂಡಿ ಸಡಿಲಿಸಿದಳು, ಕಿಟಕಿಯಾಚೆ ನೋಡಿದಳು. ಮೇಡಂ ಹೆಗಲಿಗೆ ಮೆಲ್ಲನೆ ತಳ್ಳಿದಳು. ಆಕೆ ಒಂದು ಹೆಜ್ಜೆ ಹಾಕಿ ನಿಂತಳು. ಬೆನ್ನಿಗೆ ತಳ್ಳಿದಳು. ಮತ್ತೊಂದು ಹೆಜ್ಜೆ, ಮತ್ತೆ ನಿಂತಳು. ಕೈ ಎಲ್ಲೂ ಇರಲಿಲ್ಲ. ಮುಂದಿನ ವಾರದಿಂದ ಆ ಹಾಲು ಬಸ್ಸಾಯಿತು. ಎಲ್ಲರೂ ಎರಡು ಸಾಲಾಗಿ ನಿಲ್ಲುವುದು, ಕಂಡಕ್ಟ್ರಮ್ಮ ಮುಂದೆ ನಿಂತು, "ಎಡಕ್ಕೆ ತಿರುವು! ಹಳ್ಳ ಬಂತು! ಹೋಲ್ಡಾನ್!" ಎಂದು ಕೂಗುವುದು, ಎಲ್ಲರೂ ವಾಲಿ, ಹೆಜ್ಜೆ ಹಾಕಿ ಸಾವರಿಸಿಕೊಳ್ಳುವುದು. ಮೇಡಂ ಬದಿಗೆ ಸರಿದು ನಿಂತು, ಯಾರೂ ಬೀಳದಂತೆ ನೋಡಿಕೊಂಡಳು. ತನ್ನ ತರಗತಿಯನ್ನು ಹಾಗೆ ಬಿಟ್ಟುಕೊಡಲು ದೊಡ್ಡ ಮನಸ್ಸು ಬೇಕು ಎಂದು ದರ್ಜಿ ಅಂದುಕೊಂಡ.

ಡಿಪೋ ದಿನ ಬಂತು. ಹದಿನೆಂಟು ಜನ ಹೊಸಬರು, ಗಂಜಿ ಬಿಡದ ಗರಿಗರಿ ಸಮವಸ್ತ್ರ. ದರ್ಜಿಗೆ ಕೊನೆಯ ಸೀಟು. ಮಡಿಲಲ್ಲಿ ಕೈಚೀಲ, ಚೀಲದಲ್ಲಿ ಹೆಂಡತಿಗೆ ತಿಳಿಯದಂತೆ ತಂದ ಸೊಂಟಪಟ್ಟಿ. ಹುಟ್ಟುಗುಣ ಅಷ್ಟು ಬೇಗ ಹೋಗುವುದಿಲ್ಲ. ಕಂಡಕ್ಟ್ರಮ್ಮ ನಡುವೆ ನಿಂತು, "ರೈಟ್!" ಎಂದಳು.

ಬಸ್ಸು ಅಂಗಳ ಸುತ್ತತೊಡಗಿತು. ಎಡ ತಿರುವಿಗೆ ಹೊಸಬರೆಲ್ಲ ಕಂಬಿಗಳಿಗೆ ಜೋತುಬಿದ್ದರು. ಆಕೆ ಎರಡೂ ಕೈ ಬೀಸಿಕೊಂಡು ಮಾತಾಡುತ್ತಲೇ ಇದ್ದಳು. ಎರಡು ಸುತ್ತು, ಮೂರು ಸುತ್ತು. ನಾಲ್ಕನೆಯದರಲ್ಲಿ ಶೆಡ್ಡಿನ ಹಿಂದಿನಿಂದ ನಾಯಿಯೊಂದು ಅಡ್ಡ ಓಡಿತು. ಡ್ರೈವರ್ ಬ್ರೇಕು ಒತ್ತಿದ. ಪಾಠದ ಬ್ರೇಕಲ್ಲ, ನಿಜವಾದದ್ದು.

ಹೊಸಬರು ಒಬ್ಬರ ಮೇಲೊಬ್ಬರು ಬಿದ್ದರು. ಕಂಡಕ್ಟ್ರಮ್ಮನ ದೇಹ ಮುಂದಕ್ಕೆ ವಾಲಿತು. ಕೊನೆಯ ಸೀಟಿನಲ್ಲಿದ್ದ ದರ್ಜಿಗೆ ಎದ್ದು ಓಡಿದರೂ ತಲುಪುವ ದೂರವಲ್ಲ. ಆಕೆಯ ಬಲಗಾಲು ಮುಂದೆ ಬಂತು, ಮಂಡಿ ಬಾಗಿತು, ಎಡಗಾಲು ಹಿಂದೆಯೇ ಅರ್ಧ ಹೆಜ್ಜೆ ಬಂದು ಸೇರಿಕೊಂಡಿತು. ನಿಂತಳು. ಕಂಬಿ ಒಂದು ಗೇಣು ದೂರದಲ್ಲಿತ್ತು, ಅದನ್ನು ಮುಟ್ಟಿರಲಿಲ್ಲ.

"ನೋಡಿದ್ರಾ?" ಎಂದಳು ಉಸಿರು ತಗೊಂಡು. "ನಾನೂ ಅಲ್ಲಾಡಿದೆ. ಅಲ್ಲಾಡಲೇಬಾರದು ಅಂತ ಬಿಗಿ ಹಿಡಿದು ನಿಂತ್ರೆ ಮೂಗು ಒಡ್ಕೋತೀರಿ. ಕಾಲು ಹಾಕಿ, ಅಷ್ಟೇ. ಏಳಿ ಏಳಿ, ಇನ್ನೊಂದು ಸುತ್ತು."

ಹದಿನೆಂಟು ಜನವೂ ಚಪ್ಪಾಳೆ ತಟ್ಟಿದರು. ದರ್ಜಿಗೂ ತಟ್ಟಬೇಕೆನಿಸಿತು, ಆದರೆ ಬಲಗೈ ಏಳಲಿಲ್ಲ. ನೋಡಿದರೆ ಅದು ಚೀಲದೊಳಗೆ ಪಟ್ಟಿಯ ಹಿಡಿಯನ್ನು ಗೆಣ್ಣು ಬಿಳುಪೇರುವಷ್ಟು ಬಿಗಿಯಾಗಿ ಹಿಡಿದಿತ್ತು. ಆತ ಒಂದೊಂದೇ ಬೆರಳನ್ನು ಬಿಡಿಸಿಕೊಂಡ.

ಮುಂದಿನ ವರ್ಷಕ್ಕೂ ಬರುತ್ತೇನೆಂದು ಆಕೆ ತನ್ನ ಬಾಯಿಂದಲೇ ಹೇಳಿ ಹೊರಟಳು. ಮನೆಗೆ ಹೋಗುವ ಬಸ್ಸು ಗಿಜಿಗುಡುತ್ತಿತ್ತು. ಯಾರೋ ಎದ್ದು, "ಅಜ್ಜಿ, ಕೂತ್ಕೊಳ್ಳಿ," ಎಂದರು. ಕಂಡಕ್ಟ್ರಮ್ಮ ಗಂಡನ ಹೆಗಲು ಒತ್ತಿ ಕೂರಿಸಿದಳು.

"ನೀವು ಕೂತ್ಕೊಳ್ಳಿ. ಒಂಟಿ ಕಾಲಲ್ಲಿ ನಿಮ್ಮದಿನ್ನೂ ಒಂಬತ್ತೇ ಎಣಿಕೆ. ಬೇಕಾದ್ರೆ ಚೀಲದಲ್ಲಿರೋದನ್ನ ಕಟ್ಕೊಳ್ಳಿ."

ದರ್ಜಿ ಸಿಕ್ಕಿಬಿದ್ದ ಕಳ್ಳನಂತೆ ನಕ್ಕ. ಈ ಬಸ್ಸಿನ ಕಂಡಕ್ಟರ್ ಜನರ ನಡುವೆ ಎಲ್ಲೋ ಸಿಕ್ಕಿಹಾಕಿಕೊಂಡು, ಅವನ ದನಿ ಡ್ರೈವರಿಗೆ ಕೇಳುತ್ತಿರಲಿಲ್ಲ. ಕಂಡಕ್ಟ್ರಮ್ಮ ಬಾಗಿಲ ಕಡೆ ಒಮ್ಮೆ ಕತ್ತು ಚಾಚಿ, ಎಲ್ಲರೂ ಹತ್ತಿದ್ದಾರೆಂದು ನೋಡಿಕೊಂಡಳು. ಕಾಲು ಅಗಲಿಸಿದಳು, ಮಂಡಿ ಸಡಿಲಿಸಿದಳು. ದರ್ಜಿ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ರೈಟ್!" ಎಂದಳು ಆಕೆ. ಬಸ್ಸು ಹೊರಟಿತು.