ಮಾರುವವಳ ನಾಲಿಗೆ

ಬೆಟ್ಟದ ಮೇಲಿನ ಊರಿಗೆ ಹೋದವರು ಕಣಿವೆ ನೋಡುತ್ತಾರೆ, ಕೆರೆ ಸುತ್ತುತ್ತಾರೆ, ರೋಪ್‌ವೇ ಹತ್ತಿ ಕಿರುಚುತ್ತಾರೆ. ನಮ್ಮಕ್ಕ ಬಸ್ಸಿನಿಂದ ಇಳಿದವಳೇ ಪೆಟ್ಟಿಗೆ ಹೊರಲು ಬಂದ ಕೂಲಿಯವನ ಹತ್ತಿರ ಸಿಹಿ ಅಂಗಡಿ ಎಲ್ಲಿದೆ ಎಂದು ಕೇಳಿದಳು. ನಾನು ಹಣೆ ಚಚ್ಚಿಕೊಂಡೆ. ಊರಲ್ಲಿ ನಮ್ಮದೇ ಸಿಹಿ ಅಂಗಡಿ, ಜನ್ಮವೆಲ್ಲ ಅದರ ಹೊಗೆ ಕುಡಿದಿದ್ದಾಯಿತು, ಇಲ್ಲಿಗೆ ಬಂದರೂ ಅದೇನಾ? ಹುಟ್ಟುಗುಣ ಸುಟ್ಟರೂ ಹೋಗದು ಎಂದು ಸುಮ್ಮನೆ ಹೇಳುತ್ತಾರೆಯೇ?

ಆದರೆ ಜೋರಾಗಿ ಬೈಯುವ ಹಾಗೂ ಇರಲಿಲ್ಲ. ಕೆಲವು ತಿಂಗಳ ಹಿಂದೆ ಬಂದ ಜ್ವರ ಅಕ್ಕನ ಮೂಗು, ನಾಲಿಗೆ ಎರಡನ್ನೂ ಕಸಿದುಕೊಂಡು ಹೋಗಿತ್ತು. ಸಕ್ಕರೆ ಅವಳಿಗೆ ಮರಳು, ಬೆಣ್ಣೆ ಬರೀ ಅಂಟು. ಕೆಲವರಿಗೆ ತಾನಾಗಿ ವಾಪಸ್ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ, ಬೇಕಾದರೆ ಹವಾ ಬದಲಾಯಿಸಿ ನೋಡಿ ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು. ಅಕ್ಕ ರುಚಿ ನೋಡದೆ ಒಂದು ಬಾಣಲೆಯನ್ನೂ ಒಲೆಯಿಂದ ಇಳಿಸಿದವಳಲ್ಲ. ಜ್ವರ ಬಂದಾಗಿನಿಂದ ಒಲೆ ತಣ್ಣಗಿತ್ತು. ಪಕ್ಕದ ಬೇಕರಿಯವನು ಮೊದಲಿನಿಂದಲೂ ನಮ್ಮ ಮಳಿಗೆಯ ಮೇಲೆ ಕಣ್ಣಿಟ್ಟವನು, ಬಿಟ್ಟುಕೊಡಿ ಎಂದು ನಯವಾಗಿ ಕೇಳಿದ್ದ. ಬೆಟ್ಟಕ್ಕೆ ಹೋಗಿ ಬಂದು ಉತ್ತರ ಹೇಳುತ್ತೇನೆ ಎಂದು ಅಕ್ಕ ಅವನಿಗೆ ಮಾತು ಕೊಟ್ಟು ಹೊರಟಿದ್ದಳು. ಅಮ್ಮ ಹಚ್ಚಿದ ಒಲೆ ಮತ್ತೆ ಉರಿಯುತ್ತದೋ, ಬೇಕರಿಯವನ ಪಾಲಾಗುತ್ತದೋ ಎಂಬುದು ಈ ಪ್ರವಾಸದಲ್ಲೇ ತೀರ್ಮಾನವಾಗಬೇಕಿತ್ತು.

ಇನ್ನು ನಾನು. ನಾನು ಗಲ್ಲಾದವಳು. ನಮ್ಮ ಅಂಗಡಿಯಲ್ಲಿ ಅಮ್ಮನ ಕಾಲದಿಂದ ಒಂದು ಕಟ್ಟಳೆ ಇದೆ: ಮಾಡುವವರು ಮಾರಬಾರದು, ಮಾರುವವರು ತಿನ್ನಬಾರದು. ಮಾರುವವರು ತಿಂದರೆ ತಮಗೆ ಹಿಡಿಸಿದ್ದನ್ನೇ ಹೊಗಳಿ ಹೊಗಳಿ ಮಾರುತ್ತಾರೆ, ಉಳಿದದ್ದು ತಟ್ಟೆಯಲ್ಲೇ ಹಳಸುತ್ತದೆ ಎಂಬುದು ಅಮ್ಮನ ವಾದ. ಹೀಗಾಗಿ ಲಂಗ ಹಾಕುತ್ತಿದ್ದ ವಯಸ್ಸಿನಿಂದ ಕನ್ನಡಕ ಬರುವವರೆಗೆ ನಾನು ಮಾರಿದ ಸಿಹಿಗೆ ಲೆಕ್ಕವಿಲ್ಲ, ಬಾಯಿಗಿಟ್ಟದ್ದು ಚೂರೂ ಇಲ್ಲ. ಹೇಗಿದೆ ಎಂದು ಗಿರಾಕಿ ಕೇಳಿದರೆ 'ತುಂಬಾ ಚೆನ್ನಾಗಿದೆ, ಬೆಳಿಗ್ಗೆ ಮಾಡಿದ್ದು' ಎನ್ನುವುದು ಬಾಯಿಪಾಠ. ನಂಬುವವರು ನಂಬಿ ಕೊಳ್ಳುತ್ತಾರೆ, ನಂಬದವರು ವಾದ ಮಾಡಿ ಕೊಳ್ಳುತ್ತಾರೆ.

ಕೂಲಿಯವನು ತೋರಿಸಿದ ಅಂಗಡಿ ಇಳಿಜಾರಿನ ಬೀದಿಯಲ್ಲಿತ್ತು. ಬೀದಿ ಎಷ್ಟು ವಾರೆಯೆಂದರೆ ಗಿರಾಕಿಗಳ ಬೆಂಚಿನ ಒಂದು ಕಡೆಯ ಕಾಲಿಗೆ ಇಟ್ಟಿಗೆ ಕೊಟ್ಟಿದ್ದರು. ಅಕ್ಕ ಹಾಲಿನ ಸಿಹಿಯ ಒಂದು ತುಂಡು ಕೊಂಡು ಎರಡು ಮಾಡಿ, ನನಗೊಂದು ಕೊಟ್ಟಳು. ಕಟ್ಟಳೆ ನಮ್ಮ ಅಂಗಡಿಗೆ ಮಾತ್ರ, ಇಲ್ಲಿ ತಿನ್ನಬಹುದು ಎಂದಳು. ತಾನು ಬಹಳ ಹೊತ್ತು ಅಗಿದು, ಏನೂ ಇಲ್ಲವೆಂದು ತಲೆಯಾಡಿಸಿದಳು. ನಿನಗೆ ಹೇಗಿದೆ ಎಂದು ಕೇಳಿದಾಗ ನನ್ನ ಬಾಯಿಂದ ಬಂದದ್ದು ಅದೇ ಹಳೇ ರಾಗ, ತುಂಬಾ ಚೆನ್ನಾಗಿದೆ.

"ಚೆನ್ನಾಗಿದೆ ಅನ್ನೋದು ರುಚಿ ಅಲ್ಲ ಕಣೇ. ಅದು ಕಾಸು ಕೇಳೋಕೆ ಮುಂಚೆ ಆಡೋ ಮಾತು," ಎಂದಳು ಅಕ್ಕ. "ಮೊದಲು ಏನು ಬಂತು? ಆಮೇಲೆ ಏನು ಬಂತು? ನುಂಗಿದ ಮೇಲೆ ಏನು ಉಳೀತು? ಅದನ್ನ ಹೇಳು."

ನನಗೆ ಸಿಟ್ಟು ಬಂತು. ತಿಂಡಿ ತಿನ್ನಲೂ ಪರೀಕ್ಷೆಯೇ? ಆದರೂ ಹಟಕ್ಕೆ ಬಿದ್ದು ಉಳಿದದ್ದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದೆ. ಮೊದಲು ಸಿಹಿ ಬಂತು, ಅದು ದಡ್ಡನಿಗೂ ಗೊತ್ತಾಗುತ್ತದೆ. ಆಮೇಲೆ ಹಾಲು. ನುಂಗಿದ ಮೇಲೆ ಗಂಟಲ ಹತ್ತಿರ ಯಾವುದೋ ಒಗರು ಉಳಿಯಿತು. ಹಾಗೇ ಹೇಳಿದೆ. ಹಾಲು ತಳ ಹಿಡಿದಿರಬೇಕು ಎಂದು ಅಕ್ಕ ತೂಕ ಮಾಡಿದವಳಂತೆ ಹೇಳಿ ಎದ್ದಳು. ಹೊರಡುವಾಗ ನಾನು ಹಿಂತಿರುಗಿ ಆ ತಟ್ಟೆಯನ್ನು ಇನ್ನೊಂದು ಸಲ ನೋಡಿದೆ. ಒಂದು ತುಂಡಿನೊಳಗೆ ಇಷ್ಟೆಲ್ಲ ನಡೆಯುತ್ತದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಹುಚ್ಚು. ಕೆರೆಗೆ ಹೋದೆವು, ದೋಣಿ ಹತ್ತಲಿಲ್ಲ, ದಡದಲ್ಲಿ ಸೇಬಿನ ಕೇಕ್ ಮಾರುವವನ ಮುಂದೆ ನಿಂತೆವು. ಗಡಿಯಾರದ ಗೋಪುರದ ಮೆಟ್ಟಿಲು ಬಿಟ್ಟು ಅದರ ಬುಡದ ಚಾಕಲೇಟ್ ಅಂಗಡಿ ಹೊಕ್ಕೆವು. ಚಾಕಲೇಟ್ ಮೊದಲು ಕಹಿ, ಆಮೇಲೆ ಹುಳಿ, ಸಿಹಿ ಎಲ್ಲರಿಗಿಂತ ತಡವಾಗಿ, ಮದುವೆಗೆ ಕೊನೆಯಲ್ಲಿ ಬರುವ ಸೋದರಮಾವನ ಹಾಗೆ ಬಂತು. ಕೇಕಿನಲ್ಲಿ ಎರಡು ಬಗೆಯ ಸೇಬು ಇದೆಯೆಂದು ನಾನಾಗಿಯೇ ಹೇಳಿದೆ. ಮಾರುವವನನ್ನು ಕೇಳಿದರೆ ಹೌದು, ಒಂದು ಹುಳಿಯದು ಎಂದ. ನನಗೆ ರೆಕ್ಕೆ ಬಂದಂತಾಯಿತು. ಅಕ್ಕ ಮುಂದೆ ನಡೆಯುತ್ತಿದ್ದರೆ ನಾನೇ ಅವಳ ಸೆರಗು ಹಿಡಿದು ಈ ಬೀದಿಗೆ, ಆ ಬೀದಿಗೆ ಎಳೆಯುತ್ತಿದ್ದೆ.

ಇಷ್ಟಾದರೂ ಹಳೇ ಚಾಳಿ ಬಿಡಬೇಕಲ್ಲ. ಒಂದು ಕೆಫೆಯಲ್ಲಿ ಗಂಡ ಹೆಂಡತಿ ಗಾಜಿನ ಮುಂದೆ ನಿಂತು ಅದೋ ಇದೋ ಎಂದು ಒದ್ದಾಡುತ್ತಿದ್ದರು. ನಾನು ತಡೆಯಲಾರದೆ, ಎಡಗಡೆಯದು ತಗೊಳ್ಳಿ, ತುಂಬಾ ಚೆನ್ನಾಗಿದೆ, ಬೆಳಿಗ್ಗೆ ಮಾಡಿದ್ದು ಎಂದುಬಿಟ್ಟೆ. ಅವರು ತಗೊಂಡೂ ಬಿಟ್ಟರು. ಕೆಫೆಯ ಯಜಮಾನ ಬಂದು, ಅದು ನಿನ್ನೆಯದು ತಾಯಿ, ಮಾರಬಾರದೆಂದೇ ಪಕ್ಕಕ್ಕೆ ಸರಿಸಿಟ್ಟಿದ್ದೆ ಎಂದು ನನ್ನ ಕಿವಿಯಲ್ಲಿ ಹೇಳಿದ. ಅಕ್ಕ ಬಿದ್ದು ಬಿದ್ದು ನಕ್ಕಳು. ಜ್ವರ ಬಂದಮೇಲೆ ಅವಳು ಹಾಗೆ ನಕ್ಕದ್ದು ಅದೇ ಮೊದಲು.

ಪ್ರತಿ ಅಂಗಡಿಯಲ್ಲೂ ನಾನು ಬಾಯಿ ಆಡಿಸುತ್ತಲೇ ಅವಳ ಮುಖ ನೋಡುತ್ತಿದ್ದೆ. ಹುಬ್ಬು ಒಂಚೂರು ಏರಿದರೂ ಅಗಿಯುವುದನ್ನು ನಿಲ್ಲಿಸುತ್ತಿದ್ದೆ. ಏನಾದರೂ ತಿಳಿಯಿತೇ ಎಂದರೆ ಇಲ್ಲ ಎನ್ನುವಳು. ನನ್ನ ಬಾಯಲ್ಲಿ ಒಂದೊಂದೇ ದೀಪ ಹತ್ತುತ್ತಿರುವಾಗ ಅವಳ ಬಾಯಿ ಕತ್ತಲಾಗಿಯೇ ಇತ್ತು. ನನಗೆ ಸಂತೋಷವಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು.

ಕೊನೆಗೆ ಉಳಿದದ್ದು ರೋಪ್‌ವೇ. ಮೇಲೊಂದು ಪುಟ್ಟ ಕೆಫೆ ಇದೆಯೆಂದು ಗೊತ್ತಾದ ಮೇಲೆ ಅಕ್ಕ ಒಪ್ಪಿದಳು. ನಾವು ಕೂತ ರೋಪ್‌ವೇ ಪೆಟ್ಟಿಗೆ ಅಲ್ಲಾಡಿದಾಗಲೆಲ್ಲ ನನ್ನ ತೋಳನ್ನು ಹಿಂಡುತ್ತಿದ್ದಳು. ಮೇಲೆ ಹೋಗಿ ನೋಡಿದರೆ ಕಣಿವೆಯೂ ಇಲ್ಲ, ಕೆರೆಯೂ ಇಲ್ಲ, ಬರೀ ಮಂಜು. ಟಿಕೆಟ್ಟಿನವನು ಕೆಳಗೇ ಇದನ್ನು ಹೇಳಬಾರದಿತ್ತೇ ಎಂದು ನಾನು ಬೈದುಕೊಂಡೆ.

ಕೆಫೆಯನ್ನು ನಡೆಸುತ್ತಿದ್ದವಳು ಉಣ್ಣೆಯ ಟೋಪಿ ಹಾಕಿದ ಒಬ್ಬ ಹೆಂಗಸು. ಟೋಪಿಯಮ್ಮ ಎಂದು ನಾನು ಆಗಲೇ ಹೆಸರಿಟ್ಟಾಗಿತ್ತು. ಕಿಟಕಿಯ ಪಕ್ಕ ಕೂರಿಸಿ, ಆಕ್ರೋಟು ಜೇನು ಸೇರಿಸಿ ತಾನೇ ಮಾಡಿದ ಸಿಹಿ ತಂದಿಟ್ಟಳು. ಅಕ್ಕ ಮೊದಲು ಕಚ್ಚಿದಳು. ಅಗಿಯುತ್ತಾ ಅಗಿಯುತ್ತಾ ನಿಲ್ಲಿಸಿದಳು. ಅವಳ ಕಣ್ಣು ತುಂಬಿತು.

"ಏಲಕ್ಕಿ," ಎಂದಳು. "ಏಲಕ್ಕಿ ಬಂತು ಕಣೇ. ನಂಗೆ ಗೊತ್ತಾಗ್ತಿದೆ."

ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ನನಗೆ ಎದ್ದು ಕುಣಿಯಬೇಕು ಎನಿಸಿತು. ಬೇಕರಿಯವನ ಮುಖ ಸಪ್ಪಗಾದದ್ದು ಕಣ್ಣಿಗೇ ಕಟ್ಟಿತು. ಅದೇ ಖುಷಿಯಲ್ಲಿ ನಾನೂ ಒಂದು ತುಂಡು ಬಾಯಿಗಿಟ್ಟೆ. ಮೊದಲು ಜೇನು ಬಂತು. ಆಮೇಲೆ ಆಕ್ರೋಟಿನ ಎಣ್ಣೆ. ಕೊನೆಗೆ ಕಿತ್ತಳೆ ಸಿಪ್ಪೆ, ಅದೂ ಒಂಚೂರು ಸೀದದ್ದು. ಏಲಕ್ಕಿ ಇರಲಿಲ್ಲ. ಇನ್ನೊಂದು ತುಂಡು ತಿಂದೆ. ನಾಲಿಗೆಯ ಮೂಲೆ ಮೂಲೆ ಹುಡುಕಿದೆ. ಇಲ್ಲವೆಂದರೆ ಇಲ್ಲ.

ಹೌದು ಅಕ್ಕಾ, ಏಲಕ್ಕಿ ಇದೆ ಎಂದರೆ ಮುಗಿಯಿತು. ನನಗೇನು ಹೊಸದೇ? ಜನ್ಮವೆಲ್ಲ ಮಾಡಿದ್ದೇ ಅದು. ಅಂಗಡಿ ಉಳಿಯುತ್ತದೆ, ಅಕ್ಕ ನಗುತ್ತಾ ಬೆಟ್ಟ ಇಳಿಯುತ್ತಾಳೆ. ಆದರೆ ಆಮೇಲೆ? ಇಲ್ಲದ ನಾಲಿಗೆಯನ್ನು ನಂಬಿ ಒಲೆಯ ಮುಂದೆ ನಿಲ್ಲುತ್ತಾಳೆ. ಗಿರಾಕಿ ಉಗುಳಿದ ದಿನ ಅವಳಿಗೆ ಗೊತ್ತಾಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಂತಾಯಿತು ನನ್ನ ಪಾಡು. ಅವಳ ಕೈ ನನ್ನ ಕೈಮೇಲೆ ಬೆಚ್ಚಗಿತ್ತು.

"ಏಲಕ್ಕಿ ಇಲ್ಲ ಅಕ್ಕಾ," ಎಂದೆ. "ಕಿತ್ತಳೆ ಸಿಪ್ಪೆ ಇದೆ. ಸ್ವಲ್ಪ ಸೀದಿದೆ."

ಅಕ್ಕ ಟೋಪಿಯಮ್ಮನ ಕಡೆ ನೋಡಿದಳು. ಆಕೆ ಮುಜುಗರಪಟ್ಟುಕೊಂಡು, ಏಲಕ್ಕಿ ನಾನು ಹಾಕುವುದೇ ಇಲ್ಲ, ಸಿಪ್ಪೆ ಹುರಿಯುವಾಗ ಫೋನು ಬಂತು, ಯಾರಿಗೂ ಗೊತ್ತಾಗಲಿಕ್ಕಿಲ್ಲ ಎಂದುಕೊಂಡಿದ್ದೆ ಎಂದಳು. ನಾನು ತಲೆ ತಗ್ಗಿಸಿದೆ. ಕೊಲೆ ಮಾಡಿದವಳ ಹಾಗೆ ಕೂತಿದ್ದೆ.

"ನಂಗೆ ಏನೂ ಬರ್ಲಿಲ್ಲ ಕಣೇ," ಎಂದಳು ಅಕ್ಕ ಮೆಲ್ಲಗೆ. "ಇನ್ನು ಬರೋದೂ ಇಲ್ಲ. ಇಲ್ಲಿಗೆ ಹೊರಡೋಕೆ ಮುಂಚೇನೇ ಅದು ನಂಗೆ ಗೊತ್ತಿತ್ತು. ನಾನು ಹುಡುಕ್ತಾ ಇದ್ದಿದ್ದು ನನ್ನ ನಾಲಿಗೇನ ಅಲ್ಲ."

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮೈಯೆಲ್ಲ ಉರಿಯಿತು. ಇಷ್ಟು ದಿನ ಬೀದಿ ಬೀದಿ ಅಲೆಸಿ ನನ್ನನ್ನು ಒರೆಗೆ ಹಚ್ಚುತ್ತಿದ್ದೆಯಾ, ಕಣ್ಣೀರು ಹಾಕಿ ನಾಟಕವಾಡಿದೆಯಾ ಎಂದು ಟೋಪಿಯಮ್ಮನ ಎದುರಿಗೇ ಹರಿಹಾಯ್ದೆ. ನನಗೆ ಸುಳ್ಳು ಹೇಳುವ ಆಸೆ ಎಷ್ಟಾಗಿತ್ತು ಗೊತ್ತಾ ಎಂದೂ ಕೇಳಿದೆ. ಗೊತ್ತು, ಅದಕ್ಕೇ ಹಾಗೆ ಮಾಡಿದೆ ಎಂದಳು. ರುಚಿ ಹಿಡಿಯುವ ನಾಲಿಗೆ ನಿನಗಿದೆಯೆಂದು ಸೇಬಿನ ಕೇಕ್ ತಿಂದಾಗಲೇ ತಿಳಿಯಿತು, ನನ್ನ ಮುಖ ನೋಡಿ ಅದು ಹೊರಳುತ್ತದೋ ಇಲ್ಲವೋ ಎಂಬುದು ಮಾತ್ರ ತಿಳಿಯಬೇಕಿತ್ತು ಎಂದಳು. ನಾನು ಹೂಂ ಎಂದಿದ್ದರೆ ಟೋಪಿಯಮ್ಮನನ್ನು ಕೇಳಿ, ಅದು ಸುಳ್ಳೆಂದು ತಿಳಿದರೆ ಅಂಗಡಿ ಬಿಟ್ಟುಕೊಡುತ್ತೇನೆಂದು ಬೇಕರಿಯವನಿಗೆ ಅಲ್ಲಿಂದಲೇ ಫೋನು ಮಾಡುತ್ತಿದ್ದಳಂತೆ.

"ಕಣ್ಣೀರು ನಾಟಕ ಅಲ್ಲ," ಎಂದಳು ಆಮೇಲೆ. "ಏಲಕ್ಕಿ ಅನ್ನೋಣ ಅಂತ ಹೊರಟೆ ನೋಡು, ಅದು ಹೇಗಿರ್ತಿತ್ತು ಅಂತ ನೆನಪಾಗ್ಲಿಲ್ಲ."

ನನ್ನ ಸಿಟ್ಟೆಲ್ಲ ಎಲ್ಲಿಗೆ ಹೋಯಿತೋ. ಅಕ್ಕನ ನಾಲಿಗೆ ಹೋಯಿತಲ್ಲ, ಹೋಗಿಯೇ ಹೋಯಿತಲ್ಲ ಎಂದು ನನಗೆ ಅಳು ಬಂತು, ಅತ್ತುಬಿಟ್ಟೆ. ಟೋಪಿಯಮ್ಮ ಎರಡು ಲೋಟ ಬಿಸಿನೀರು ಇಟ್ಟು ಒಳಗೆ ಹೋದಳು. ಊರಿಗೆ ಹೋದ ಮಾರನೆಯ ದಿನವೇ ಒಲೆ ಹಚ್ಚೋಣ, ನೀನು ನನ್ನ ಪಕ್ಕ ನಿಂತು ರುಚಿ ನೋಡಬೇಕು ಎಂದಳು ಅಕ್ಕ. ನಾನು ಮೂಗು ಒರೆಸಿಕೊಂಡು, ಆಗಲಿ ಎಂದೆ.

ತಟ್ಟೆಯಲ್ಲಿ ಇನ್ನೊಂದು ತುಂಡಿತ್ತು. ಅಕ್ಕ ಅದನ್ನು ಬಾಯಿಗಿಟ್ಟುಕೊಂಡು ಮಂಜಿನ ಕಡೆ ಮುಖ ಮಾಡಿದಳು. ನಾನು ಅವಳ ಪಕ್ಕಕ್ಕೆ ಸರಿದು ಕೂತು ಶುರುಮಾಡಿದೆ. ಈಗ ಜೇನು ಅಕ್ಕಾ, ಹೂವಿನ ವಾಸನೆ ಇದೆ, ಸ್ವಲ್ಪ ಗಂಟಲು ಕೆರೆಯುತ್ತದೆ. ಈಗ ಆಕ್ರೋಟು ಬರುತ್ತಿದೆ, ಹಸಿ ಕಟ್ಟಿಗೆ ಕಚ್ಚಿದ ಹಾಗೆ, ಆಮೇಲೆ ಎಣ್ಣೆ. ಅವಳು ಕಣ್ಣು ಮುಚ್ಚಿ ನಿಧಾನವಾಗಿ ಅಗಿಯುತ್ತಿದ್ದಳು. ಅವಳು ನುಂಗುವವರೆಗೂ ನಾನು ಮಾತು ನಿಲ್ಲಿಸಲಿಲ್ಲ.