ಮಡಿಲಿಗೆ ಬಿದ್ದ ಬಾಟಲಿ

ಕಮಲಾಕ್ಷಮ್ಮ ಅಡುಗೆಮನೆಗೆ ಬಂದು ನಿಂತಳು. ಯಾತಕ್ಕೆ ಬಂದೆ ಎಂಬುದೇ ಮರೆತುಹೋಗಿತ್ತು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಸುರಿದ ಮೇಲೆ ನೆನಪಾಯಿತು.

“ಬೆಳಗಾಗೋದ್ರೊಳಗೇ ಸುಸ್ತಾ?” ಎಂದ ಗಂಡ ಜಯದೇವಪ್ಪ, ನಡುಮನೆಯಲ್ಲಿ ಕೂತಲ್ಲಿಂದಲೇ.

ಜಯದೇವಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು, ಒಳಗೆ ಕೊಬ್ಬರಿ ಕಟ್ಟಿದೆಯೋ ಕೊಳೆತಿದೆಯೋ ಹೇಳಿಬಿಡುತ್ತಿದ್ದ. ಇಪ್ಪತ್ತಾರು ವರ್ಷ ಜೊತೆಗೆ ಬಾಳಿದ ಹೆಂಡತಿಯ ಒಳಗೇನಾಗುತ್ತಿದೆ ಎಂಬುದು ಮಾತ್ರ ಆ ಜಾಣನಿಗೆ ತಿಳಿಯುತ್ತಿರಲಿಲ್ಲ. ತಿಳಿಯಬೇಕು ಅಂತ ಅನಿಸಿಯೂ ಇರಲಿಲ್ಲ.

ಥೈರಾಯ್ಡ್ ಗ್ರಂಥಿಯ ಕೆಲಸ ಕುಂಠಿತವಾಗಿದೆ ಎಂದು ಡಾಕ್ಟರು ಅವಳಿಗೆ ಮಾತ್ರೆ ಶುರುಮಾಡಿ ಬಹಳ ವರ್ಷವಾಗಿತ್ತು. ದಿನಕ್ಕೊಂದು ಸಣ್ಣ ಮಾತ್ರೆ ನುಂಗಿಕೊಂಡು ಮನೆ, ತೋಟದ ಆಳುಗಳ ಊಟ, ಮಠದ ದಾಸೋಹ ಎಲ್ಲವನ್ನೂ ನಿಭಾಯಿಸಿದ ಹೆಂಗಸು ಅವಳು. ಗೌರಿ ಹಬ್ಬ ಕಳೆದ ಮೇಲೆ ಏನಾಯಿತೋ, ಮುಖ ಊದಿಕೊಂಡಿತು, ಬಾಚಣಿಗೆ ತುಂಬ ಕೂದಲು, ಬಿಸಿಲಲ್ಲಿ ಕೂತರೂ ಚಳಿ. ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಡುತ್ತಿದ್ದಳು. ಮನೆಯವರು ಅದಕ್ಕೆ ಸೋಮಾರಿತನ ಅಂತ ಹೆಸರಿಟ್ಟರು. ಹೆಂಗಸಿನ ಕಾಯಿಲೆಗೆ ನಮ್ಮಲ್ಲಿ ಹಾಗೆ ಬೇಗ ಹೆಸರು ಸಿಗುತ್ತದೆ.

ಗೌರಿ ಹಬ್ಬದಲ್ಲಿ ನಡೆದದ್ದು ಇಷ್ಟು. ಹಳೇಬೀಡಿನಲ್ಲಿರುವ ಅವಳ ವಾರಗಿತ್ತಿ, ಮೈದುನ ಚಿದಂಬರನ ಹೆಂಡತಿ ಮಂಜುಳಾ, ಯಾವುದೋ ಕಂಪನಿ ಸೇರಿದ್ದಳು. ವಿಟಮಿನ್ ಡಿ, ವಿಟಮಿನ್ ಕೆ, ಕ್ಯಾಲ್ಸಿಯಂ ಮೂರೂ ಒಂದರಲ್ಲೇ ಇರುವ ಮಾತ್ರೆಯ ಬಾಟಲಿಯನ್ನು ನೆಂಟರಿಗೆಲ್ಲ ಮಾರುವುದು ಅವಳ ಕೆಲಸ. ಬಾಯಿಬಿಟ್ಟು ಕೇಳಿದರೆ ಜನ ಬೇಡ ಎನ್ನುತ್ತಾರೆ. ಅದಕ್ಕೆ ಅವಳು ಒಂದು ಉಪಾಯ ಹುಡುಕಿದ್ದಳು. ಹಬ್ಬದಲ್ಲಿ ಹೆಣ್ಣುಮಕ್ಕಳ ಮಡಿಲು ತುಂಬುವಾಗ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆಗೆ ಒಂದು ಬಾಟಲಿಯನ್ನೂ ಹಾಕಿಬಿಡುವುದು! ಮಡಿಲಿಗೆ ಬಿದ್ದದ್ದನ್ನು ವಾಪಸ್ ಕೊಡುವ ಹೆಣ್ಣು ಆ ಬಳಗದಲ್ಲಿ ಇನ್ನೂ ಹುಟ್ಟಿರಲಿಲ್ಲ. ವಾರ ಕಳೆದ ಮೇಲೆ ದುಡ್ಡಿಗೆ ನಯವಾಗಿ ಫೋನು ಬರುತ್ತಿತ್ತು.

“ಥೈರಾಯ್ಡ್ ಮಾತ್ರೆ ಜೊತೇಲೇ ಇದನ್ನೂ ನುಂಗಿಬಿಡಿ ಅಕ್ಕ, ಆಗ ಮರೆಯಲ್ಲ. ಆರು ತಿಂಗಳಲ್ಲಿ ಆ ಮಾತ್ರೆನೇ ಬೇಕಾಗಲ್ಲ, ನೋಡ್ತಿರಿ” ಎಂದಿದ್ದಳು ಮಂಜುಳಾ.

ಕಮಲಾಕ್ಷಮ್ಮನ ಮನೆಯಲ್ಲಿ ಲಿಂಗಪೂಜೆ ಮುಗಿಯುವ ತನಕ ಗಂಟಲಿಗೆ ನೀರೂ ಇಳಿಯುವುದಿಲ್ಲ. ಪೂಜೆ ಮುಗಿಸಿದ ಕೂಡಲೇ ಎರಡೂ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡು, ಮೇಲೊಂದು ಲೋಟ ಕಾಫಿ ಕುಡಿಯತೊಡಗಿದಳು. ದಿನಾ, ಶ್ರದ್ಧೆಯಿಂದ.

ಹಾಲು ಉಕ್ಕಿದ ಆ ದಿನವೇ ಅವಳು ಯಾರನ್ನೂ ಕೇಳದೆ ಡಾಕ್ಟರ ಹತ್ತಿರ ಹೋದಳು. ಅವರು ರಕ್ತಪರೀಕ್ಷೆ ಮಾಡಿಸಿದರು, ಅವಳು ಜೊತೆಗೆ ತಂದಿದ್ದ ಬಾಟಲಿಯನ್ನು ತಿರುಗಿಸಿ ತಿರುಗಿಸಿ ಓದಿದರು.

“ನಿಮ್ಮ ಥೈರಾಯ್ಡ್ ಮಾತ್ರೆ ಮೈಗೆ ಹತ್ತುತ್ತಲೇ ಇಲ್ಲ ಕಣಮ್ಮ. ಇದರಲ್ಲಿರೋ ಕ್ಯಾಲ್ಸಿಯಂ ಅದನ್ನ ತಡೀತಿದೆ. ಎರಡಕ್ಕೂ ನಾಲ್ಕು ಗಂಟೆಯಾದರೂ ಅಂತರ ಬೇಕು. ಪೂಜೆ ಮುಗಿಸಿ ಬರೀ ನೀರಲ್ಲಿ ಮಾತ್ರೆ ತಗೊಳ್ಳಿ, ಕಾಫಿ ಒಂದು ಗಂಟೆ ಆದ ಮೇಲೆ.”

“ಹಂಗಾದ್ರೆ ಈ ವಿಟಮಿನ್ನೆಲ್ಲ ಸುಳ್ಳಾ ಮೇಡಂ?”

“ಸುಳ್ಳಲ್ಲ. ನಿಮಗೆ ಡಿ ಕಡಿಮೆ ಇದೆ, ಎಷ್ಟು ಬೇಕೋ ಅಷ್ಟು ನಾನು ಬರ್ಕೊಡ್ತೀನಿ. ಊಟ ಆದ್ಮೇಲೆ ತಗೊಳ್ಳಿ. ಆಮೇಲೆ ಮತ್ತೆ ಪರೀಕ್ಷೆ ಮಾಡೋಣ. ಕೆ ನಿಮಗೆ ಬೇಕು ಅಂತ ನನಗೆ ಕಾಣಿಸ್ತಿಲ್ಲ, ಸೊಪ್ಪು ತಿಂತೀರಲ್ಲ. ಆದರೆ ಇವು ಯಾವುವೂ ಥೈರಾಯ್ಡ್ ವಾಸಿ ಮಾಡಲ್ಲ. ಆ ಮಾತ್ರೆ ಮಾತ್ರ ಬಿಡಬೇಡಿ. ಇನ್ನೊಂದು, ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ತಗೊಳ್ಳೋರಿಗೆ ಈ ಕೆ ಅಪಾಯ. ಆ ಮಾತ್ರೆಯ ಕೆಲಸವನ್ನೇ ಇದು ಕೆಡಿಸುತ್ತೆ. ಯಾರಿಗೂ ಹಂಚಬೇಡಿ.”

ಹೊರಗೆ ಬಂದ ಕಮಲಾಕ್ಷಮ್ಮನಿಗೆ ಮೊದಲು ಅಳು ಬಂತು, ಆಮೇಲೆ ಸಿಟ್ಟು. ಇಷ್ಟು ತಿಂಗಳು ತಾನು ಸೋಮಾರಿ ಅನ್ನಿಸಿಕೊಂಡದ್ದು ಈ ಬಾಟಲಿಯ ದೆಸೆಯಿಂದಲೇ?

ಆ ಭಾನುವಾರ ಮಂಜುಳಾಳ ಹೊಸ ಮನೆಯ ಗೃಹಪ್ರವೇಶ. ಡಾಕ್ಟರು ಅಂದದ್ದನ್ನು ಅವಳಿಂದ ಕೇಳಿದ್ದ ಜಯದೇವಪ್ಪ ಹಳೇಬೀಡಿನ ಬಸ್ಸು ಹತ್ತುವಾಗಲೇ ಎಚ್ಚರಿಸಿದ: “ನೋಡು, ಬಾಟ್ಲಿ ಹಾಕಿದ್ರೆ ಸುಮ್ನೆ ಇಸ್ಕೊಂಬಾ. ಮನೇಲಿ ಮೂಲೆಗೆಸೆದ್ರಾಯ್ತು. ಜನದ ಮುಂದೆ ಮುಖ ಮುರಿಯೋ ಹಂಗೆ ಮಾತಾಡ್ಬೇಡ.”

ಜಾವಗಲ್ಲಿನಲ್ಲಿ ಅವನ ಅಕ್ಕ ಅನುಸೂಯಮ್ಮ ಬಸ್ಸು ಹತ್ತಿದರು. ಹಿಂದಿನ ವರ್ಷ ಬೆಂಗಳೂರಿನಲ್ಲಿ ಅವರ ಹೃದಯದ ವಾಲ್ವ್ ಬದಲಾಯಿಸಿದ್ದರು. ಅಂದಿನಿಂದ ಪಕ್ಕದಲ್ಲಿ ಕೂತವರಿಗೆ ಅವರ ಎದೆಯೊಳಗಿನ ಟಿಕ್ ಟಿಕ್ ಸದ್ದು ಸಣ್ಣಗೆ ಕೇಳುತ್ತಿತ್ತು. “ನನ್ನ ಗಡಿಯಾರ ಕಣೇ ಕಮಲಾ, ಇದಕ್ಕೆ ಕೀ ಕೊಡಂಗಿಲ್ಲ” ಎಂದು ನಕ್ಕರು. ಕಮಲಾಕ್ಷಮ್ಮ ಆ ಸದ್ದು ಕೇಳುತ್ತ ಅತ್ತಿಗೆಯ ಭುಜಕ್ಕೊರಗಿ ನಿದ್ದೆಹೋದಳು.

ಹೊಸ ಮನೆಯ ನಡುವೆ ಚಾಪೆ ಹಾಸಿ ಹೆಂಗಸರನ್ನು ಸಾಲಾಗಿ ಕೂರಿಸಿದ್ದರು. ಮಂಜುಳಾ ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಒಬ್ಬೊಬ್ಬರ ಮಡಿಲು ತುಂಬುತ್ತ ಬಂದಳು. ಕಮಲಾಕ್ಷಮ್ಮನ ಸೆರಗಿಗೂ ಅಕ್ಕಿ, ಬೆಲ್ಲ, ಕೊಬ್ಬರಿ ಬಿತ್ತು, ಕೊನೆಗೆ ಬಾಟಲಿ. ಬಾಗಿಲಲ್ಲಿ ನಿಂತ ಗಂಡ ಕಣ್ಣಲ್ಲೇ ಗದರಿಸಿದ. ಅವಳು ಹಲ್ಲು ಕಚ್ಚಿ ಕೂತಳು.

ಪಕ್ಕದಲ್ಲಿ, ಗೌರಿ ಹಬ್ಬಕ್ಕೆ ಬಂದಿರದ ಅನುಸೂಯಮ್ಮನ ಸರದಿ. “ನಿಮಗೆ ಎರಡು ಅತ್ತಿಗೆ” ಎಂದಳು ಮಂಜುಳಾ ಅಕ್ಕರೆಯಿಂದ. “ಈ ಕೆ ಅನ್ನೋದು ಹಾರ್ಟಿಗೆ ಭಾಳ ಒಳ್ಳೇದಂತೆ. ನಾಳೆಯಿಂದ್ಲೇ ಶುರು ಮಾಡಿ.”

“ನಿನ್ ಕೈಯಾರೆ ಕೊಟ್ಟಿದೀಯ, ಬಿಡ್ತೀನಾ?” ಎಂದರು ಅನುಸೂಯಮ್ಮ.

ಟಿಕ್ ಟಿಕ್ ಸದ್ದು ಕಮಲಾಕ್ಷಮ್ಮನ ಕಿವಿಗೆ ಬಿತ್ತು. ರಕ್ತ ಹೆಪ್ಪುಗಟ್ಟದ ಹಾಗೆ ಅತ್ತಿಗೆ ದಿನಾ ಸಂಜೆ ನುಂಗುವ ಮಾತ್ರೆ ನೆನಪಾಯಿತು. ಅವಳು ಕೈಚಾಚಿ, ಅತ್ತಿಗೆಯ ಮಡಿಲಿನಿಂದ ಎರಡೂ ಬಾಟಲಿಯನ್ನು ಎತ್ತಿ ನೆಲಕ್ಕಿಟ್ಟಳು.

ಸಾಲಿನ ಹೆಂಗಸರೆಲ್ಲ ಇತ್ತ ತಿರುಗಿದರು.

“ಅಕ್ಕ! ಮಡಿಲಿಗೆ ಹಾಕಿದ್ದನ್ನ ತೆಗೀತಾರಾ? ಅದೂ ನಮ್ಮನೆ ಶುಭಕಾರ್ಯದಲ್ಲಿ?” ಎಂದಳು ಮಂಜುಳಾ.

“ಕಮಲಾ!” ಎಂದು ಕೂಗಿದ ಜಯದೇವಪ್ಪ.

“ನೀವು ಸುಮ್ನಿರಿ!” ಎಂದಳು. ಮದುವೆಯಾದಾಗಿನಿಂದ ಅವಳು ಆ ಮಾತನ್ನು ಜನದ ಮುಂದೆ ಗಂಡನಿಗೆ ಹೇಳಿದ್ದು ಅದೇ ಮೊದಲು. “ಅತ್ತಿಗೆ, ವಾಲ್ವ್ ಹಾಕ್ದಾಗ ಆಸ್ಪತ್ರೇಲಿ ನಿಮಗೆ ಊಟದ ಬಗ್ಗೆ ಏನ್ ಹೇಳಿದ್ರು? ಎಲ್ರಿಗೂ ಕೇಳೋ ಹಂಗೆ ಹೇಳಿ.”

ಅನುಸೂಯಮ್ಮ ಒಂದು ಗಳಿಗೆ ಯೋಚಿಸಿದರು. “ಸೊಪ್ಪು ದಿನಾ ಒಂದೇ ಅಳತೇಲಿ ತಿನ್ನು, ಒಂದಿನ ಜಾಸ್ತಿ ಒಂದಿನ ಕಮ್ಮಿ ಮಾಡ್ಬೇಡ ಅಂದಿದ್ರು. ಸೊಪ್ಪಲ್ಲಿ ಅದೇನೋ ಐತಂತೆ, ಮಾತ್ರೆ ಕೆಲಸ ಕೆಡಿಸ್ತೈತಂತೆ. ನಮ್ಮನ್ನ ಕೇಳ್ದೆ ಬೇರೆ ಯಾವ ಮಾತ್ರೆನೂ ಮುಟ್ಬೇಡ ಅಂದಿದ್ರು...” ಎಂದವರು ನೆಲದ ಮೇಲಿನ ಬಾಟಲಿಗಳನ್ನು ನೋಡಿದರು.

“ಆ ಅದೇನೋ ಅನ್ನೋದೇ ಈ ಬಾಟ್ಲೀಲಿರೋದು. ಸೊಪ್ಪಲ್ಲೇ ಅಳತೆ ತಪ್ಪಬಾರ್ದು ಅಂದ್ಮೇಲೆ ಇದನ್ನ ನುಂಗಿದ್ರೆ ಏನು ಗತಿ? ರಕ್ತ ಗಟ್ಟಿಯಾಗಿ ಆ ವಾಲ್ವಿಗೇ ಕೂತ್ರೆ ಯಾರು ಜವಾಬ್ದಾರಿ?”

“ನಾನೇನು ವಿಷ ಕೊಟ್ನಾ?” ಮಂಜುಳಾಳ ಕಣ್ಣು ತುಂಬಿತು. “ನಂಗೆ ಮಂಡಿನೋವು ಕಮ್ಮಿಯಾಗಿದೆ, ಅದಕ್ಕೇ ನಂಬಿ ಕೊಟ್ಟೆ. ಮೀಟಿಂಗಲ್ಲಿ ದೊಡ್ಡ ದೊಡ್ಡೋರೇ ಹೇಳಿದ್ರು. ಅಲ್ಲಿ ನನ್ನನ್ನ ಮೇಡಂ ಅಂತ ಕರೀತಾರೆ ಅಕ್ಕ. ಈ ಮನೇಲಿ ಯಾರು ನನ್ನ ಮಾತು ಕೇಳಿದ್ರಿ?”

ಆ ಮಾತು ಕಮಲಾಕ್ಷಮ್ಮನಿಗೆ ಚುರುಕ್ಕೆಂದಿತು. ಅದೂ ಸುಳ್ಳಲ್ಲ. ಆದರೆ ಅವಳು ಸೋಲಲಿಲ್ಲ.

“ನೀನು ನಂಬಿದ್ದೆ, ಒಪ್ತೀನಿ. ಆದ್ರೆ ನಮಗೇನು ಕಾಯಿಲೆ, ಏನು ಮಾತ್ರೆ ತಗೋತೀವಿ ಅಂತ ಒಂದ್ಸಲ ಕೇಳಿದ್ಯಾ? ಅಂಗಡಿ ಇಟ್ಟು ಮಾರು, ಬೇಕಾದೋರು ಡಾಕ್ಟರನ್ನ ಕೇಳ್ಕೊಂಡು ತಗೋತಾರೆ. ಬೇಡ ಅನ್ನೋ ಬಾಯನ್ನ ಕಟ್ಟಿಹಾಕಿ ಮಡಿಲಿಗೆ ಹಾಕ್ಬೇಡ. ನಾಲ್ಕು ತಿಂಗಳು ನಾನು ಅನುಭವಿಸಿದ್ದು ಸಾಕು.” ಎಂದವಳೇ ತನ್ನ ಸೆರಗಿನಲ್ಲಿದ್ದ ಬಾಟಲಿಯನ್ನೂ ತೆಗೆದು ಆ ಎರಡರ ಪಕ್ಕಕ್ಕಿಟ್ಟಳು.

ಸಾಲಿನ ಆ ತುದಿಯಲ್ಲಿ ಕೂತಿದ್ದ ಮುದುಕಿ ಸಣ್ಣತಾಯಮ್ಮ ಸೆರಗು ಮುಂದಕ್ಕೊಡ್ಡಿ, “ನಂಗೆ ಕಿಡ್ನೀಲಿ ಕಲ್ಲೈತೆ ಕಣವ್ವ ಮಂಜುಳಾ. ಬರೀ ಅಕ್ಕಿ ಹಾಕು” ಎಂದಳು. ಕಮಲಾಕ್ಷಮ್ಮನ ಇನ್ನೊಂದು ಪಕ್ಕ ಕೂತವಳು, ಆಗಲೇ ಮಡಿಲು ತುಂಬಿಸಿಕೊಂಡವಳು, ಸದ್ದಿಲ್ಲದೆ ತನ್ನ ಬಾಟಲಿಯನ್ನು ನೆಲಕ್ಕಿಟ್ಟಳು. ಇನ್ನೊಬ್ಬಳೂ ಇಟ್ಟಳು. ಇಷ್ಟು ದಿನ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತ ಕಾದಿದ್ದರು, ಅಷ್ಟೆ.

ಅನುಸೂಯಮ್ಮ ಮಂಜುಳಾಳ ಕೈ ಹಿಡಿದರು. “ಅಳ್ಬೇಡ ಕಣೇ. ನನ್ನ ಗಡಿಯಾರ ನಿಲ್ಲಿಸ್ಬೇಕು ಅಂತ ನಿಂಗೇನಿಲ್ಲ, ಗೊತ್ತು. ಆದ್ರೆ ಕಮಲಾ ಬಾಯಿ ಬಿಡ್ದಿದ್ರೆ ನಾನು ನಾಳೆ ಬೆಳಿಗ್ಗೆನೇ ನುಂಗ್ತಿದ್ದೆ.”

ಮಂಜುಳಾ ಮುಖ ಒರೆಸಿಕೊಂಡಳು. ತಟ್ಟೆಯಲ್ಲಿ ಉಳಿದಿದ್ದ ಬಾಟಲಿಗಳನ್ನೂ ನೆಲದ ಮೇಲಿನವನ್ನೂ ಒಂದು ಬುಟ್ಟಿಗೆ ತುಂಬಿ ಒಳಕೋಣೆಗೆ ಒಯ್ದಿಟ್ಟು ಬಂದಳು. ಬಂದವಳು ಏನು ಮಾಡಬೇಕೆಂದು ತೋಚದೆ ಅಕ್ಕಿಯ ಮೊರ ಹಿಡಿದು ನಿಂತಳು.

ಕಮಲಾಕ್ಷಮ್ಮ ಎದ್ದಳು. ತನ್ನ ಸೆರಗಿನ ಅಕ್ಕಿ, ಬೆಲ್ಲ, ಕೊಬ್ಬರಿಯನ್ನೆಲ್ಲ ವಾಪಸ್ ಆ ಮೊರಕ್ಕೆ ಸುರಿದಳು. ಮಂಜುಳಾ ಬೆಚ್ಚಿ ನೋಡಿದಳು. ಜಯದೇವಪ್ಪ ಇನ್ನೇನು ಅನಾಹುತವಾಯಿತೋ ಎಂದು ಒಂದು ಹೆಜ್ಜೆ ಮುಂದೆ ಬಂದ.

ಕಮಲಾಕ್ಷಮ್ಮ ಖಾಲಿ ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ವಾರಗಿತ್ತಿಯ ಮುಂದೆ ಮತ್ತೆ ಕೂತಳು.

“ಈಗ ತುಂಬು” ಎಂದಳು.